ಹ್ಯಾಂಡಲ್ ಮೇಲಿನ ಕೆಂಪು ಗೆರೆ

ನಾನು ಮುಖ ಮರೀತೀನಿ, ಹೆಸರು ಮರೀತೀನಿ. ಆದ್ರೆ ಯಾರು ಸೀಟಿನ ಮೇಲೆ ಹೇಗೆ ಕೂರ್ತಾರೆ ಅನ್ನೋದನ್ನ ಒಂದ್ಸಲ ನೋಡಿದ್ರೆ ಮುಗೀತು, ಸಾಯೋವರೆಗೂ ಮರೆಯಲ್ಲ. ಮೋಟಾರ್ ಸೈಕಲ್ ಸೀಟು ಹೊಲಿಯೋದು ನನ್ನ ಕಸುಬು. ಮೊದಲು ಬಟ್ಟೆ ಹೊಲೀತಿದ್ದೆ. ಬಟ್ಟೆಯವರ ಕಾಟ ದೇವರಿಗೇ ಪ್ರೀತಿ. ತಾವು ದಪ್ಪ ಆಗಿ ನಿಮ್ಮ ಅಳತೆ ತಪ್ಪು ಅಂತಾರೆ. ಬೈಕಿನವರು ವಾಸಿ. ಕೂತಾಗ ನೋವಾದ್ರೆ ಬಂದು ಹೇಳ್ತಾರೆ, ನೋವಿಲ್ಲ ಅಂದ್ರೆ ಈ ಕಡೆ ತಿರುಗಿ ಸಹ ನೋಡಲ್ಲ.

ನನ್ನ ಅಂಗಡಿಗೂ ಪಕ್ಕದ ಗ್ಯಾರೇಜಿಗೂ ಒಂದೇ ತಗಡಿನ ಮಾಡು, ನಡುವೆ ಅರ್ಧ ಗೋಡೆ. ಗ್ಯಾರೇಜಿನವನನ್ನ ಎಲ್ಲರೂ ಬೋಲ್ಟು ಅಂತಾರೆ, ಯಾಕಂದ್ರೆ ಎಂಥ ರೋಗದ ಗಾಡಿ ಬಂದ್ರೂ ಅವನ ಮೊದಲ ಮಾತು, "ಎಲ್ಲಾ ಬೋಲ್ಟಲ್ಲೇ ಇರೋದು." ಗಾಡಿಯನ್ನ ಓಡಿಸೋರ ಮೈಗೆ ಹೊಂದಿಸೋ ಕೆಲಸ ಬಂದ್ರೆ ನಾವಿಬ್ಬರೂ ಸೇರಿ ಮಾಡ್ತೀವಿ. ಹ್ಯಾಂಡಲ್ಲು, ಬ್ರೇಕಿನ ಹಿಡಿ, ಕಾಲಿಡೋ ಜಾಗ ಅವನದು. ಸೀಟು ನನ್ನದು. "ಮೇಲೆ ಕೈ ನಂದು, ಕೆಳಗೆ ಕುಂಡಿ ಅಕ್ಕಂದು," ಅಂತ ಗಿರಾಕಿಗಳ ಮುಂದೆನೇ ಹಲ್ಲು ಕಿರೀತಾನೆ, ಮಾನಗೆಟ್ಟವನು.

ಸಿಸ್ಟರು ನಮ್ಮ ಹತ್ರ ಬಂದಿದ್ದು ಹೀಗೇ. ಅವರು ಆಸ್ಪತ್ರೆ ಕೆಲಸ ಬಿಟ್ಟು, ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನ ನೋಡ್ಕೊಳ್ಳೋ ನರ್ಸು. ಗಾಯಕ್ಕೆ ಪಟ್ಟಿ ಹಾಕೋದು, ಇಂಜೆಕ್ಷನ್ ಕೊಡೋದು, ಪರೀಕ್ಷೆಗೆ ರಕ್ತ ತೆಗೆಯೋದು. ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು, ನಡುವೆ ಮನೆಗೆ ಬಂದು ಉಂಡು ಒಂದು ನಿದ್ದೆ. ಆಳು ಕುಳ್ಳು, ಓಡಿಸೋ ಬೈಕು ಹಳೇ ಕಾಲದ್ದು, ಎಮ್ಮೆಯಷ್ಟು ದೊಡ್ಡದು. ಹಿಂದಿನ ಸೀಟಿನ ಮೇಲೆ ಔಷಧಿ ಪೆಟ್ಟಿಗೆ ಕಟ್ಟಿಕೊಂಡು ಅವರು ಬರ್ತಿದ್ರೆ ದೂರದಿಂದ ಗಾಡಿ ತಾನೇ ಓಡಿ ಬರ್ತಿದೆ ಅನ್ನಿಸ್ತಿತ್ತು.

ಬೈಕು ಅವರ ಮಾವನದು. ಮಾವ ಕರೆಂಟು ಆಫೀಸಿನಲ್ಲಿ ಮೀಟರ್ ಓದೋ ಕೆಲಸದಲ್ಲಿದ್ದೋರು, ಬೀದಿಯವರಿಗೆಲ್ಲ ಮೀಟರ್ ತಾತ. ಜನ್ಮ ಪೂರ್ತಿ ಆ ಗಾಡಿ ಮೇಲೇ ಕಳೆದ ಮನುಷ್ಯ. ಆಮೇಲೆ ಕಣ್ಣು ಮಂಜಾಯ್ತು. ಆಪರೇಷನ್ ಮಾಡಿಸಿದ್ರೂ ಪೂರ್ತಿ ಬರಲಿಲ್ಲ. ಇನ್ನು ಗಾಡಿ ಮುಟ್ಟಬೇಡಿ ಅಂತ ಹೇಳೋಕೆ ಮಗನಿಗೆ ಧೈರ್ಯ ಬರಲಿಲ್ಲ. ಮಗ ಬೇಕರಿಯಲ್ಲಿ ಒಲೆ ಮುಂದೆ ನಿಲ್ಲೋನು, ಒಳ್ಳೆಯವನು, ಆದ್ರೆ ಬೈಕಿನ ಹಿಂದೆ ಕೂತ್ರೂ ಕಣ್ಣು ಮುಚ್ಚಿಕೊಳ್ಳೋ ಜಾತಿ. ಕೊನೆಗೆ ಹೇಳಿದ್ದು ಸೊಸೆ. ತಾತ ಒಂದು ವಾರ ಯಾರ ಜೊತೆನೂ ಮಾತಾಡಲಿಲ್ಲವಂತೆ. ಎಂಟನೇ ದಿನ ಕೀ ತಂದು ಸೊಸೆ ಕೈಗೆ ಕೊಟ್ಟು, "ತುಕ್ಕು ಹಿಡಿಯೋದಕ್ಕಿಂತ ನೀನೇ ಓಡಿಸು. ನಾನು ಕಲಿಸ್ತೀನಿ," ಅಂದರಂತೆ. ಖಾಲಿ ಮೈದಾನದಲ್ಲಿ ತಾತ ನಡುವೆ ನಿಂತು ಸದ್ದು ಕೇಳ್ಕೊಂಡೇ "ಗೇರ್ ಹಾಕು, ಈಗ ಬಿಡು, ಅಯ್ಯೋ ಮೆಲ್ಲಗೆ!" ಅಂತ ಕೂಗ್ತಿದ್ದಿದ್ದನ್ನ ನಾನೇ ನೋಡಿದ್ದೀನಿ.

ಅಂತೂ ಒಂದು ದಿನ ಸಿಸ್ಟರು ಅಂಗಡಿ ಮುಂದೆ ಗಾಡಿ ನಿಲ್ಲಿಸಿ ಬಲಗೈ ಕೊಡವಿಕೊಂಡ್ರು.

"ಅಕ್ಕ, ಕಿರುಬೆರಳು, ಉಂಗುರಬೆರಳು ಎರಡೂ ಜೋಮು. ಮೊದಮೊದಲು ಇಳಿದ ಮೇಲೆ ಸರಿಹೋಗೋದು. ಈಗ ಹೋಗ್ತಾನೇ ಇಲ್ಲ."

"ಸಿಸ್ಟರೇ, ಊರಿಗೆಲ್ಲ ಔಷಧಿ ಹಚ್ಚೋರು ನೀವು, ನನ್ನ ಕೇಳ್ತೀರಲ್ಲ."

"ಔಷಧಿದಲ್ಲ ಅಕ್ಕ. ಅಂಗೈ ಬುಡದಲ್ಲಿ ನರ ಒತ್ತಿ ಹಿಡಿದಿದೆ. ಡಾಕ್ಟ್ರೂ ಅದನ್ನೇ ಹೇಳಿದ್ರು. ಒತ್ತೋದು ನಿಲ್ಲಬೇಕು, ಇಲ್ಲಾಂದ್ರೆ ಬೆರಳು ಹಾಗೇ ಉಳಿದುಬಿಡುತ್ತೆ ಅಂದ್ರು." ಆಮೇಲೆ ನಗ್ತಾ, ಆದ್ರೆ ಕಣ್ಣಲ್ಲಿ ನಗು ಇಲ್ಲದೆ, "ನಿನ್ನೆ ಸೂಜಿ ಕೈಯಿಂದ ಜಾರ್ತು. ದಿನದ ಮೊದಲ ಇಂಜೆಕ್ಷನ್ನು ನಮ್ಮ ಮಾವನಿಗೇ, ಸಕ್ಕರೆ ಕಾಯಿಲೆಗೆ. ಅವರೂ ಅಂದ್ರು, ಈಚೆಗೆ ನಿನ್ನ ಸೂಜಿ ಚುಚ್ಚುತ್ತೆ ಕಣಮ್ಮ ಅಂತ. ಮಾವ ಆದ್ರೆ ಸಹಿಸ್ಕೊಳ್ತಾರೆ. ಬೇರೆಯೋರ ಕೈಗೆ ಅಡ್ಡಾದಿಡ್ಡಿ ಹೋದ್ರೆ? ಈ ಕೆಲಸ ಬಿಟ್ರೆ ನನಗೆ ಇನ್ನೇನೂ ಬರಲ್ಲ."

ಕೂತ್ಕೊಳ್ಳಿ ನೋಡೋಣ ಅಂದೆ. ಡಬಲ್ ಸ್ಟ್ಯಾಂಡ್ ಹಾಕಿದ ಗಾಡಿ ಮೇಲೆ ಕೂತ್ರು. ನೋಡಿದ್ರೆ ಪಾಪ ಅನ್ನಿಸ್ತು. ಹ್ಯಾಂಡಲ್ಲು ಎಲ್ಲೋ, ಇವರೆಲ್ಲೋ. ಉದ್ದಕ್ಕೆ ಕೈ ಚಾಚಿ ಮೊಣಕೈ ಕೋಲಿನ ಹಾಗೆ ನೆಟ್ಟಗೆ. ಸೀಟು ಮುಂದಕ್ಕೆ ಇಳಿಜಾರು, ಕೂತವರು ಜಾರಿಕೊಂಡು ಟ್ಯಾಂಕಿಗೆ ಒತ್ತಿ, ಮೈಭಾರ ಪೂರ್ತಿ ಅಂಗೈ ಮೇಲೆ. ಈ ಸ್ಥಿತಿಯಲ್ಲಿ ದಿನವಿಡೀ ಓಡಾಡಿದ್ರೆ ಪೈಲ್ವಾನನಿಗೂ ಜೋಮು ಹಿಡಿಯುತ್ತೆ.

ಬೋಲ್ಟು ಹ್ಯಾಂಡಲ್ ಹಿಡಿದಿರೋ ಕ್ಲಾಂಪಿನ ನಾಲ್ಕು ಬೋಲ್ಟು ಸಡಿಲಿಸಿ, ಹ್ಯಾಂಡಲ್ಲನ್ನ ಅವರ ಕಡೆಗೆ ತಿರುಗಿಸಿದ. ಮೊಣಕೈ ಸ್ವಲ್ಪ ಬಗ್ಗೋ ಹಾಗಾಯ್ತು. ಬ್ರೇಕು, ಕ್ಲಚ್ಚಿನ ಹಿಡಿಗಳನ್ನ ಕೆಳಗೆ ಬಾಗಿಸಿ, ಮಣಿಕಟ್ಟು ಮುರಿಯದೆ ಬೆರಳು ನೇರವಾಗಿ ಮುಟ್ಟೋ ಹಾಗೆ ಮಾಡಿದ. ನಾನು ಸೀಟು ಬಿಚ್ಚಿ, ಮುಂದಿನ ಇಳಿಜಾರು ತೆಗೆದು, ಎರಡೂ ತೊಡೆ ಕಡೆ ಫೋಮ್ ಸವರಿ ಕಿರಿದು ಮಾಡಿದೆ. ಈಗ ಎರಡೂ ಪಾದ ಪೂರ್ತಿ ನೆಲಕ್ಕೆ ಊರ್ತಿತ್ತು. ಮತ್ತೆ ಕೂತ ಸಿಸ್ಟರು ಕಣ್ಣು ಮುಚ್ಚಿ, "ಕುರ್ಚಿ ಇದ್ದ ಹಾಗಿದೆ ಅಕ್ಕ," ಅಂದ್ರು. ನನಗೂ ಖುಷಿಯಾಯ್ತು, ಯಾಕೆ ಸುಳ್ಳು ಹೇಳಲಿ.

ಬೋಲ್ಟು ಒಂದು ಕೆಲಸ ಮಾಡ್ತಾನೆ. ಬಿಗಿ ಮಾಡಿದ ಮೇಲೆ ಕ್ಲಾಂಪು, ಹ್ಯಾಂಡಲ್ಲು ಎರಡರ ಮೇಲೂ ಹಾಯೋ ಹಾಗೆ ಉಗುರುಬಣ್ಣದಲ್ಲಿ ಒಂದು ಗೆರೆ ಎಳೀತಾನೆ. ಹ್ಯಾಂಡಲ್ಲು ಕೂದಲೆಳೆಯಷ್ಟು ಜರುಗಿದ್ರೂ ಗೆರೆ ತುಂಡಾಗಿ ಕಾಣುತ್ತೆ. ಉಗುರುಬಣ್ಣ ನನ್ನದೇ, ಕೆಂಪು. ವಾಪಸ್ ಕೊಟ್ಟಿದ್ದೇ ಇಲ್ಲ.

ಮಾರನೇ ಸಂಜೆಯೇ ಸಿಸ್ಟರು ವಾಪಸ್ಸು. ಗೆರೆ ತುಂಡಾಗಿತ್ತು. ಹ್ಯಾಂಡಲ್ಲು ಮುಂದಕ್ಕೆ ಜರುಗಿತ್ತು.

"ಬೆಳಿಗ್ಗೆ ಸರಿಯಾಗೇ ಇತ್ತು. ಮಧ್ಯಾಹ್ನ ಮಲಗೆದ್ದು ಹೊರಡೋವಾಗಲೂ ಗೆರೆ ನೋಡ್ದೆ, ಸರಿಯಾಗೇ ಇತ್ತು. ಸಂಜೆ ಸುತ್ತು ಮುಗಿಯೋಷ್ಟರಲ್ಲಿ ಹೀಗೆ."

ನಾನು ಗೋಡೆ ಮೇಲಿಂದ ಬಗ್ಗಿ, "ಏನೋ, ಎಲ್ಲಾ ಬೋಲ್ಟಲ್ಲೇ ಇರೋದು ಅಂತಿದ್ದೆ, ನಿನ್ನ ಬೋಲ್ಟಲ್ಲಿ ಏನೂ ಇಲ್ವಲ್ಲೋ," ಅಂದೆ. ಅವನಿಗೆ ಮೈಯೆಲ್ಲ ಉರಿದುಹೋಯ್ತು. ಹಲ್ಲು ಕಚ್ಚಿ ಮತ್ತೆ ಬಿಗಿ ಮಾಡಿದ. ಮತ್ತೆರಡು ದಿನಕ್ಕೆ ಅದೇ ಕಥೆ. ಕ್ಲಾಂಪು ಸವೆದಿದೆ ಅಂತ ಹೊಸದು ಹಾಕಿದ. ಅದೂ ಜರುಗ್ತು. ಆಗ ತಪ್ಪು ನನ್ನ ತಲೆಗೆ ಕಟ್ಟೋಕೆ ಬಂದ. "ನಿನ್ನ ರೆಕ್ಸಿನ್ನು ನುಣುಪು ಅಕ್ಕ, ಬ್ರೇಕ್ ಹಾಕಿದಾಗ ಅವರು ಜಾರಿ ಹ್ಯಾಂಡಲ್ಲನ್ನ ತಳ್ತಾರೆ." ನಾನು ಬಿಡ್ತೀನಾ? ಬಾಯಿಗೆ ಬಂದ ಹಾಗೆ ಬೈದೆ. ಕೊನೆಗೆ ಅವನ ತಲೆಯಿಂದ ಹೊರಟ ಸಿದ್ಧಾಂತ ಕೇಳಿ. ಮಧ್ಯಾಹ್ನದ ಬಿಸಿಲಿಗೆ ಕಬ್ಬಿಣ ಹಿಗ್ಗುತ್ತಂತೆ, ಅದಕ್ಕೇ ಸಂಜೆ ಸಡಿಲ ಆಗುತ್ತಂತೆ! "ಹಾಗಾದ್ರೆ ಊರಿನ ಗಾಡಿಯೆಲ್ಲ ಸಂಜೆ ಹೊತ್ತಿಗೆ ಕಳಚಿ ಬೀಳಬೇಕಿತ್ತಲ್ಲಪ್ಪ," ಅಂದೆ. ಮುಖ ಊದಿಸಿಕೊಂಡು ಒಳಗೆ ಹೋದ.

ನಗು ಅಲ್ಲಿಗೇ ಮುಗೀತು. ಒಂದು ಸಂಜೆ ಇಳಿಜಾರಿನಲ್ಲಿ ನಾಯಿ ಅಡ್ಡ ಬಂತು ಅಂತ ಸಿಸ್ಟರು ಬ್ರೇಕ್ ಒತ್ತಿದಾರೆ, ಹ್ಯಾಂಡಲ್ಲು ಕೈಯಲ್ಲೇ ಮುಂದಕ್ಕೆ ತಿರುಗಿಬಿಟ್ಟಿದೆ. ಗಾಡಿ ಒಂದು ಕಡೆ, ಅವರೊಂದು ಕಡೆ. ಮೊಣಕೈ ಚರ್ಮ ಕಿತ್ತುಹೋಗಿತ್ತು. ರಕ್ತದ ಸೀಸೆಗಳು ಒಡೆದು ರಸ್ತೆಯೆಲ್ಲ ಕೆಂಪಾಗಿದ್ದನ್ನ ನೋಡಿ, ಸಿಸ್ಟರು ಹೋಗೇಬಿಟ್ರು ಅಂತ ಯಾರೋ ಚೀರಿಕೊಂಡರಂತೆ. ಗಾಡಿ ತಳ್ಕೊಂಡು ಬಂದು ನಿಲ್ಲಿಸಿ, "ಹಿಂದೆ ಲಾರಿ ಇದ್ದಿದ್ರೆ ಇವತ್ತು ನಾನಿಲ್ಲ," ಅಂದ್ರು, ಅಷ್ಟೇ. ಬೋಲ್ಟು ಎಣ್ಣೆ ಡಬ್ಬದ ಮೇಲೆ ಕೂತವನು ಏಳಲೇ ಇಲ್ಲ. "ನಾನು ಕೈ ಹಾಕಲ್ಲ ಅಕ್ಕ, ನನಗೆ ಕೆಲಸ ಬರಲ್ಲ," ಅಂದ. ಅವನ ಬಾಯಲ್ಲಿ ಆ ಮಾತು ಕೇಳಿ ನನಗೇ ಕಷ್ಟ ಆಯ್ತು. ಹಲ್ಲು ಕಿರ್ಕೊಂಡು ಓಡಾಡೋನು ಹಾಗೆ ಕೂರಬಾರದು.

ಬಿದ್ದಾಗ ಸೀಟಿನ ಅಂಚು ಹರಿದಿತ್ತು. ಹೊಲಿಯೋಣ ಅಂತ ರೆಕ್ಸಿನ್ ಬಿಚ್ಚಿದೆ. ಫೋಮ್ ನೋಡಿ ಕೈ ನಿಂತುಹೋಯ್ತು.

ಹೊಸ ಫೋಮಿನ ಮೇಲೆ ಮೊದಮೊದಲು ಕೂತವರ ಗುರುತು ಬೀಳುತ್ತೆ. ಮುಂದೆ ಸಿಸ್ಟರ ಗುರುತಿತ್ತು, ದುಂಡಗೆ, ನಾನು ಎಲ್ಲಿ ಬೀಳಬೇಕು ಅಂದ್ಕೊಂಡಿದ್ನೋ ಅಲ್ಲೇ. ಹಿಂದೆ, ಪೆಟ್ಟಿಗೆಗೆ ಒತ್ತಿಕೊಂಡು, ಇನ್ನೊಂದು ಗುರುತು. ಎರಡು ಮೂಳೆ ಊರಿದ ಗುಳಿ, ಮಾಂಸ ಅನ್ನೋದೇ ಇಲ್ಲ. ಯಾರೋ ಉದ್ದನೆಯ ಮನುಷ್ಯ, ಒಣಕಲ, ತುಂಬ ಹೊತ್ತು ಕೂರೋನು. ಬೇಕರಿ ಗಂಡ ಅಂತೂ ಅಲ್ಲ, ಅವನು ಗುಂಡಗಿದ್ದಾನೆ. ಈ ಗಾಡಿಯನ್ನ ಸಿಸ್ಟರು ಮಲಗಿದಾಗ ಯಾರೋ ಹೊರಗೆ ಒಯ್ತಿದ್ದಾರೆ, ಕಳ್ಳನನ್ನ ಇವತ್ತೇ ಹಿಡೀತೀನಿ ಅಂತ ಮಾರನೇ ಮಧ್ಯಾಹ್ನ ಹೊಲಿದ ಸೀಟು ಹಾಕಿದ ಗಾಡಿಯನ್ನ ನಾನೇ ತಳ್ಕೊಂಡು ಅವರ ಮನೆಗೆ ಹೋಗಿ ನಿಲ್ಲಿಸಿದೆ. ಬೋಲ್ಟು ಬೇಡ ಬೇಡ ಅಂತಲೇ ಹ್ಯಾಂಡಲ್ಲನ್ನ ಬಿಗಿ ಮಾಡಿ ಕಳಿಸಿದ್ದ. ಸಿಸ್ಟರು ಕೈಗೆ ಪಟ್ಟಿ ಕಟ್ಟಿಕೊಂಡೇ ಆ ದಿನವೂ ಬೆಳಗಿನ ಸುತ್ತು ನಡೆದುಕೊಂಡು ಮುಗಿಸಿ, ಉಂಡು ಮಲಗಿದ್ರು. ನಾನು ಎದುರು ಮನೆ ಮೆಟ್ಟಿಲ ಮೇಲೆ ಕೂತು ಕಾದೆ.

ಬಂದಿದ್ದು ಮೀಟರ್ ತಾತ.

ಮನೆ ಪಕ್ಕದ ಓಣಿಯಲ್ಲಿ ಗಾಡಿ ಡಬಲ್ ಸ್ಟ್ಯಾಂಡ್ ಮೇಲಿತ್ತು. ತಾತ ಗೋಡೆ ಸವರಿಕೊಂಡು ಬಂದ್ರು. ಒಂದು ಚೀಲದಿಂದ ಸ್ಪ್ಯಾನರ್, ಒಂದು ಮೊಳ ಕಬ್ಬಿಣದ ಪೈಪು ತೆಗೆದ್ರು. ಸ್ಪ್ಯಾನರ್ ಹಿಡಿಗೆ ಪೈಪು ತೂರಿಸಿ, ಅದರ ಮೇಲೆ ಎದೆಯ ಭಾರ ಹಾಕಿ ಬೋಲ್ಟು ಸಡಿಲಿಸಿದ್ರು. ಹ್ಯಾಂಡಲ್ಲನ್ನ ಮುಂದಕ್ಕೆ, ತಮ್ಮ ಹಳೇ ಜಾಗಕ್ಕೆ ತಿರುಗಿಸಿ, ಕಾಲೆತ್ತಿ ಹತ್ತಿ ಕೂತ್ರು. ಇಂಜಿನ್ ಮುಟ್ಟಲಿಲ್ಲ. ಸುಮ್ನೆ ಎರಡು ಕೈ ಹ್ಯಾಂಡಲ್ ಮೇಲಿಟ್ಟು, ಬೆನ್ನು ನೆಟ್ಟಗೆ ಮಾಡಿ, "ಗಿರಣಿ ದಾಟಿ ಬಲಕ್ಕೆ," ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ನೀಲಿ ಗೇಟು, ನಾಯಿ ಇದೆ, ಹುಷಾರು," ಅಂದ್ರು. ಮೈ ಒಂದು ಚೂರು ಬಲಕ್ಕೆ ವಾಲಿಸಿದ್ರು. ಮನೆಯೊಳಗೆ ಬಗ್ಗಿಕೊಂಡು ಗೋಡೆ ಹಿಡಿದು ಓಡಾಡೋ ಮುದುಕ ಇವರೇನಾ ಅನ್ನೋ ಹಾಗಿದ್ರು.

ಆಮೇಲೆ ಇಳಿದ್ರು. ಹ್ಯಾಂಡಲ್ಲನ್ನ ಹಿಂದಕ್ಕೆ ತಿರುಗಿಸ್ತಾ ಹೆಬ್ಬೆರಳ ಉಗುರಲ್ಲಿ ಕ್ಲಾಂಪನ್ನ ಕೆರೆದು ಕೆರೆದು ನೋಡಿದ್ರು. ಗೆರೆ ಅವರ ಕಣ್ಣಿಗೆ ಕಾಣಲ್ಲ. ಉಗುರುಬಣ್ಣ ಸ್ವಲ್ಪ ದಪ್ಪಗಿರುತ್ತಲ್ಲ, ಅದರ ಉಬ್ಬು ಉಗುರಿಗೆ ಒಂದೇ ಸಮ ಸಿಗೋವರೆಗೂ ಕೂಡಿಸಿದ್ರು. ಅಷ್ಟು ನಾಜೂಕು ನಮ್ಮ ಬೋಲ್ಟಿಗೂ ಬರಲ್ಲ. ಆಮೇಲೆ ಪೈಪು ತೆಗೆದು ಪಕ್ಕಕ್ಕಿಟ್ಟು, ಬರೀ ಸ್ಪ್ಯಾನರಲ್ಲಿ ಬಿಗಿ ಮಾಡಿದ್ರು. ಕತ್ತಿನ ನರ ಉಬ್ಬಿತು, ತುಟಿ ನಡುಗಿತು. ನಾಲ್ಕನ್ನೂ ಮುಗಿಸಿ, ಹ್ಯಾಂಡಲ್ಲನ್ನ ತಟ್ಟಿ, ತೃಪ್ತಿಯಿಂದ ಒಳಗೆ ಹೋದ್ರು.

ನಾನು ಹೋಗಿ ಒಂದು ಬೋಲ್ಟು ಹಿಡಿದು ನೋಡಿದೆ. ಬರಿಗೈಗೆ ತಿರುಗಿತು.

ಕೋಪ ಬಂತು ರೀ. ಸೊಸೆ ಪ್ರಾಣದ ಜೊತೆ ಆಟ ಆಡ್ತಿದ್ದಾನಲ್ಲ ಈ ಮುದುಕ ಅಂತ. ಒಳಗೆ ನುಗ್ಗಿ ಸಿಸ್ಟರನ್ನ ಎಬ್ಬಿಸಿ, ಗಾಡಿ ಸಮೇತ ಗ್ಯಾರೇಜಿಗೇ ಎಳ್ಕೊಂಡು ಬಂದೆ. ಎಲ್ಲಾ ಹೇಳ್ದೆ. ಬೋಲ್ಟಿಗೆ ಹೋದ ಜೀವ ಬಂದ ಹಾಗಾಯ್ತು. ತಪ್ಪು ತನ್ನದಲ್ಲ ಅಂತ ಗೊತ್ತಾಗಿ ಎದ್ದು ನಿಂತ. "ವೆಲ್ಡಿಂಗ್ ಮಾಡಿಬಿಡ್ತೀನಿ ಸಿಸ್ಟರೇ, ಬ್ರಹ್ಮ ಬಂದ್ರೂ ಬಿಚ್ಚೋಕಾಗಲ್ಲ."

ಸಿಸ್ಟರು ಕೇಳಿದ್ದು ಒಂದೇ. "ಬಿಚ್ಚೋವಾಗ ಪೈಪು ಹಾಕ್ತಾರಲ್ಲ, ಬಿಗಿ ಮಾಡೋವಾಗ ಯಾಕೆ ಹಾಕಲ್ಲ?"

"ಯಾರೂ ಹಾಕಲ್ಲ," ಅಂದ ಬೋಲ್ಟು. "ಪೈಪು ಹಾಕಿ ಬಿಗಿ ಮಾಡಿದ್ರೆ ಥ್ರೆಡ್ ಕಿತ್ತು ಹೋಗುತ್ತೆ. ಬಿಗಿ ಮಾಡೋಕೆ ಕೈ ಬಲ ಸಾಕು, ಅದು ನಮ್ಮ ಲೈನಿನ ಲೆಕ್ಕ. ತಾತ ಹಳೇ ಕಾಲದವರು, ಲೆಕ್ಕ ತಪ್ಪಲ್ಲ."

ಲೆಕ್ಕ ತಪ್ಪಿರಲಿಲ್ಲ. ಕೈ ತಪ್ಪಿತ್ತು. ತಾತನಿಗೆ ಅದು ಗೊತ್ತಿರಲಿಲ್ಲ, ಅಷ್ಟೇ.

ಸಿಸ್ಟರು ಎಣ್ಣೆ ಡಬ್ಬದ ಮೇಲೆ ಕೂತು ಪಟ್ಟಿ ಕಟ್ಟಿದ ಮೊಣಕೈ ಸವರಿಕೊಳ್ತಾ ಇದ್ರು. "ವೆಲ್ಡಿಂಗ್ ಬೇಡ. ಅವರಿಗೆ ಯಾರೂ ಏನೂ ಹೇಳೋದೂ ಬೇಡ. ಕಣ್ಣು ಹೋಯ್ತು, ಗಾಡಿ ಬಿಡಿ ಅಂತ ಹೇಳಿದ್ದು ನಾನೇ. ಈಗ ಕೈನೂ ಹೋಯ್ತು ಅಂತ ನಾನೇ ಹೇಳಬೇಕಾ?"

"ಹೇಳದೆ ನೀವು ರಸ್ತೆ ಮೇಲೆ ಬಿದ್ದು ಸಾಯ್ತೀರಾ?" ಅಂತ ರೇಗಿದೆ. ಅವರು ಡಬ್ಬದ ಮೇಲಿಂದ ಎದ್ರು. ಬೋಲ್ಟಿನ ಕಡೆ ತಿರುಗಿ, "ಉದ್ದ ಹಿಡಿಯ ಸ್ಪ್ಯಾನರ್ ಇದೆಯಾ?" ಅಂದ್ರು. ಕೊಟ್ಟ. ಮನೆಗೆ ಹೋಗೋ ಮುಂಚೆ ಅವನ ಕೈಲೇ ಗಾಡಿ ಬಿಗಿ ಮಾಡಿಸಿಕೊಂಡ್ರು.

ಮಾರನೇ ಮಧ್ಯಾಹ್ನ ಏನು ಮಾಡ್ತಾರೆ ನೋಡೋಣ ಅಂತ ನಾನೂ ಹೋದೆ. ಕರೆದಿರಲಿಲ್ಲ. ಆದ್ರೂ ಹೋದೆ. ತಾತ ಗಾಡಿಯಿಂದ ಇಳಿದು ಗೆರೆ ಕೂಡಿಸ್ತಿರೋವಾಗ ಸಿಸ್ಟರು ಬಾಗಿಲು ತೆಗೆದು ಓಣಿಗೆ ಬಂದ್ರು. ತಾತ ಬೆಚ್ಚಿಬಿದ್ದು ಸ್ಪ್ಯಾನರನ್ನ ಬೆನ್ನ ಹಿಂದೆ ಬಚ್ಚಿಟ್ಟುಕೊಂಡ್ರು. ಕಳ್ಳತನದಲ್ಲಿ ಸಿಕ್ಕಿಬಿದ್ದ ಮಗು ಮುಖ.

"ನಾನು ಸುಮ್ನೆ... ಧೂಳು ಒರೆಸೋಣ ಅಂತ."

"ಒರೆಸಿ ಮಾವ, ಕೂತ್ಕೊಳ್ಳಿ, ಗಾಡಿ ನಿಮ್ಮದೇ. ನನ್ನದೊಂದು ಉಪಕಾರ ಆಗಬೇಕಲ್ಲ. ಈ ಬೆರಳಿಗೆ ಬಲ ಬರಬೇಕಂದ್ರೆ ದಿನಾ ಏನಾದ್ರೂ ಗಟ್ಟಿಯಾಗಿ ಹಿಡಿದು ತಿರುಗಿಸಬೇಕಂತೆ. ನೀವು ಬೋಲ್ಟು ಬಿಗಿ ಮಾಡೋವಾಗ ನನ್ನ ಕೈನೂ ಸೇರಿಸ್ಕೊಳ್ತೀರಾ?"

ತಾತ ಸೊಸೆ ಚಾಚಿದ ಸ್ಪ್ಯಾನರನ್ನ ಮುಟ್ಟಿ ನೋಡಿದ್ರು. "ಇದ್ಯಾಕಮ್ಮ ಇಷ್ಟು ಉದ್ದ?"

"ನಾಲ್ಕು ಕೈ ಹಿಡೀಬೇಕಲ್ಲ ಮಾವ."

ಮುದುಕನ ಕೈ ಕೆಳಗೆ, ಅದರ ಮೇಲೆ ಸೊಸೆ ಕೈ. "ಹೂಂ, ಹಾಕಮ್ಮ ಜೋರು, ಹೆದರಬೇಡ, ನಾನಿದ್ದೀನಿ," ಅಂತ ತಾತ ಹುರಿದುಂಬಿಸ್ತಿದ್ರು. ಸಿಸ್ಟರು ಹಿಂಗಾಲೂರಿ ಮೈಭಾರ ಪೂರ್ತಿ ಹಾಕಿ ಎಳೆದ್ರು. ತಾತ ಒಳಗೆ ಹೋದ ಮೇಲೆ ನಾನು ಬೋಲ್ಟು ಹಿಡಿದು ನೋಡಿದೆ. ಅಲ್ಲಾಡಲಿಲ್ಲ.

ಅವತ್ತಿಂದ ದಿನಾ ಮಧ್ಯಾಹ್ನ ಹೀಗೇ. ಹ್ಯಾಂಡಲ್ಲು ಜರುಗಲಿಲ್ಲ, ಗೆರೆ ತುಂಡಾಗಲಿಲ್ಲ. ನಿಧಾನಕ್ಕೆ ಸಿಸ್ಟರ ಬೆರಳಿಗೆ ಸ್ಪರ್ಶ ಬಂತು. ಮೊದಲು ಉಂಗುರಬೆರಳು, ಆಮೇಲೆ ಕಿರುಬೆರಳು. ಬಿಸಿ ಲೋಟ ಹಿಡಿದು "ಅಯ್ಯೋ ಸುಡ್ತು ಅಕ್ಕ!" ಅಂತ ನನ್ನ ಅಂಗಡಿಯಲ್ಲಿ ಕುಣಿದಾಡಿದ್ದು ನೆನಪಿದೆ. ನಾನು ಅವರಿಗೇನೂ ಹೇಳದೆ ಸೀಟನ್ನ ಇನ್ನೊಂದ್ಸಲ ಬಿಚ್ಚಿ, ಹಿಂದೆ ಎರಡು ಮೂಳೆ ಊರೋ ಜಾಗಕ್ಕೆ ಮೆತ್ತಗಿನ ಫೋಮ್ ಕೂರಿಸಿದೆ. ಬೋಲ್ಟು ನೋಡಿ, "ಒಂದು ಸೀಟಿಗೆ ಎರಡು ಕುಂಡಿ ಅಳತೆನಾ ಅಕ್ಕ?" ಅಂದ. "ನಿನ್ನ ಕೆಲಸ ನೋಡ್ಕೋ," ಅಂದೆ.

ಆ ಸೀಟು ಹಾಕೋಕೆ ಅಂತ ಅವರ ಮನೆಗೆ ಹೋದ ಮಧ್ಯಾಹ್ನ ತಾತ ಹತ್ತಿ ಕೂತು, ಒಂದ್ಸಲ ಹಿಂದೆ ಮುಂದೆ ಸರಿದು, "ಯಾರೋ ನನ್ನ ಅಳತೆ ತಗೊಂಡಿದ್ದಾರೆ," ಅಂದ್ರು. ನಾನು ಗೋಡೆ ಕಡೆ ನೋಡಿದೆ. ಅವತ್ತು ಗಿರಣಿ, ನೀಲಿ ಗೇಟು ಎಲ್ಲಾ ದಾಟಿ, ಇಳಿದು, ಉಗುರಲ್ಲಿ ಗೆರೆ ಕೂಡಿಸಿದ್ರು. ಸಿಸ್ಟರು ಎಂದಿನ ಹಾಗೆ ಬಂದು ಸ್ಪ್ಯಾನರಿಗೆ ಕೈ ಹಾಕಿದ್ರು.

ತಾತ ತಿರುಗಿಸಲಿಲ್ಲ. "ನಿನ್ನ ಬೆರಳು ವಾಸಿಯಾಗಿದೆ, ಅಲ್ವೇನಮ್ಮ?"

ಸಿಸ್ಟರು ಕೈ ಹಿಂದಕ್ಕೆ ಎಳ್ಕೊಂಡ್ರು.

"ಈಚೆಗೆ ನಿನ್ನ ಸೂಜಿ ಒಳಗೆ ಹೋಗಿದ್ದೇ ಗೊತ್ತಾಗಲ್ಲ. ತುಂಬ ದಿನ ಆಯ್ತು. ಆವತ್ತಿಂದನೇ ನಾನೂ ಸ್ಪ್ಯಾನರ್ ಮೇಲೆ ಒಂದು ಕಣ್ಣಿಟ್ಟಿದ್ದೆ." ಅಂದ್ಮೇಲೆ ತಮ್ಮ ಮಾತಿಗೇ ತಾವೇ ನಕ್ಕರು. "ಕಣ್ಣೆಲ್ಲಿ ಬಂತು ನನಗೆ. ಒಂದಿನ ನಾನು ಬಲ ಹಾಕದೆ ಸುಮ್ನೆ ಹಿಡ್ಕೊಂಡೆ. ಬೋಲ್ಟು ಅಷ್ಟೇ ಬಿಗಿಯಾಗಿ ಕೂತ್ಕೊಳ್ತು. ಆವತ್ತು ನೀನು ಇಳಿಜಾರಲ್ಲಿ ಬಿದ್ದಿದ್ದು ಯಾರಿಂದ ಅಂತ ಗೊತ್ತಾಯ್ತು."

"ಮಾವ, ಹಾಗಲ್ಲ..."

"ಅಳಬೇಡ. ಸಂಜೆ ಸುತ್ತಿಗೆ ಹೊತ್ತಾಗುತ್ತೆ." ತಾತ ಸೊಸೆ ಕೈಯನ್ನ ಹುಡುಕಿ ಎತ್ತಿ, ಈ ಸಲ ಅದನ್ನ ಕೆಳಗೆ, ಸ್ಪ್ಯಾನರ್ ಹಿಡಿಗೇ ಹಿಡಿಸಿ, ತಮ್ಮ ಕೈಯನ್ನ ಅದರ ಮೇಲಿಟ್ಟರು. "ಇನ್ನು ನೀನೇ ತಿರುಗಿಸು. ನಾನು ಸುಮ್ನೆ ಕೈ ಇಟ್ಟಿರ್ತೀನಿ."

ಸಿಸ್ಟರು ಮೂಗು ಒರೆಸಿಕೊಂಡು ನಾಲ್ಕು ಬೋಲ್ಟೂ ಬಿಗಿ ಮಾಡಿದ್ರು.